ಕೆಲಸ ಬಿಡದೆ ಕೆಎಎಸ್‌ಗೆ ಓದುವುದು: ಎರಡು ವಾರಕ್ಕೇ ಮುರಿದುಬೀಳುವ ಟೈಮ್‌ಟೇಬಲ್ ಉಳಿಸಿಕೊಳ್ಳೋದು ಹೇಗೆ?

ತುಮಕೂರು_ಪ್ಯಾಸೆಂಜರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರ್ತೀನಿ. ಮನೆ ತುಮಕೂರಲ್ಲಿ, ಕೆಲಸ ಯಶವಂತಪುರದ ಹತ್ತಿರ ಒಂದು ಖಾಸಗಿ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ. ರೈಲಲ್ಲಿ ಹೋಗೋಕೆ ಒಂದು ಗಂಟೆಯ ಮೇಲಾಗುತ್ತೆ, ಬರೋಕೂ ಅಷ್ಟೇ. ಮನೆ ಸೇರುವಾಗ ರಾತ್ರಿ ಎಂಟು, ಆಮೇಲೆ ಅಡುಗೆ.

ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದ್ತಾ ಇದ್ದೀನಿ. ಟೈಮ್‌ಟೇಬಲ್ ಹೀಗಿದೆ: ಬೆಳಗಿನ ಜಾವ 4.30ಕ್ಕೆ ಎದ್ದು ಎರಡು ಗಂಟೆ, ರಾತ್ರಿ ಎರಡು ಗಂಟೆ, ರೈಲಲ್ಲಿ ಒಂದು ಗಂಟೆ, ಒಟ್ಟು ಐದು. ಹತ್ತು ಹನ್ನೆರಡು ದಿನ ನಡೆಯುತ್ತೆ. ತಿಂಗಳ ಕೊನೆಯ ಕ್ಲೋಸಿಂಗ್ ಕೆಲಸವೋ, ಮನೆಯಲ್ಲಿ ಹಬ್ಬವೋ ಬಂದರೆ ತಪ್ಪಿಹೋಗುತ್ತೆ. ಒಮ್ಮೆ ತಪ್ಪಿದರೆ ಮತ್ತೆ ಪುಸ್ತಕ ಹಿಡಿಯೋಕೆ ತಿಂಗಳಾಗುತ್ತೆ. ಪ್ರತಿ ಸಲವೂ ಮತ್ತೆ ಸಿಂಧೂ ನಾಗರಿಕತೆಯಿಂದಲೇ ಶುರು.

ಕೇಳೋದು ಮೂರು. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನೋದು ನಿಜವೇ? ಇರುವ ಸಮಯದಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿಯಬೇಕು? ಮುರಿದಾಗ ವಾಪಸ್ ಬರೋದು ಹೇಗೆ? ಕೆಲಸ ಬಿಡುವ ಸಲಹೆ ಬೇಡ, ಅದು ಆಗದ ಮಾತು.

---

ಹುಣಸೆಮರ:

ಮೊದಲು ಆ 21ರ ಲೆಕ್ಕವನ್ನು ತಲೆಯಿಂದ ತೆಗೆದುಹಾಕಿ ಮೇಡಂ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಒಂದು ಮಾತು. ಶಸ್ತ್ರಚಿಕಿತ್ಸೆ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕನಿಷ್ಠ 21 ದಿನವಾದರೂ ಬೇಕಾಗುತ್ತೆ ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಬಿಟ್ಟುಹೋಗಿ, 'ಯಾವ ಅಭ್ಯಾಸಕ್ಕಾದರೂ 21 ದಿನ ಸಾಕು' ಅಂತ ಆಯ್ತು.

ಅಳತೆ ಮಾಡಿ ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು. 96 ಜನ, 84 ದಿನ. ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು, ಓಡೋದು, ಹೀಗೆ ಒಬ್ಬೊಬ್ಬರು ಒಂದೊಂದು ಕೆಲಸ ಆರಿಸಿಕೊಂಡರು. ಯೋಚನೆ ಮಾಡದೆ ತಾನಾಗಿ ಆಗುವ ಮಟ್ಟಕ್ಕೆ ಬರೋಕೆ ಹಿಡಿದದ್ದು ಮಧ್ಯದ ಲೆಕ್ಕದಲ್ಲಿ 66 ದಿನ. ಒಬ್ಬರಿಗೆ 18 ಸಾಕಾಯ್ತು, ಇನ್ನೊಬ್ಬರ ಅಂದಾಜು 254ಕ್ಕೆ ಹೋಯ್ತು. ನಿಮಗೆ ಬೇಕಾದ ಮಾತು ಆ ಅಧ್ಯಯನದಲ್ಲೇ ಇದೆ: ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯೋದಿಲ್ಲ. 'ಸರಪಳಿ ತುಂಡಾಯ್ತು, ಇನ್ನು ಮೊದಲಿಂದ' ಅನ್ನೋದು ನಾವೇ ಹಾಕಿಕೊಂಡ ಕಟ್ಟಳೆ.

ಇನ್ನು ನಿಮ್ಮ ಟೈಮ್‌ಟೇಬಲ್. ಐದು ಗಂಟೆ ಅಂತ ಬರೆದಿಟ್ಟು ಎರಡು ಗಂಟೆ ಓದಿದ ದಿನ ನಿಜಕ್ಕೂ ಒಳ್ಳೇ ದಿನ. ಆದರೆ ಹಾಳೆಯ ಮೇಲೆ ಅದು ಸೋತ ದಿನ. ಹತ್ತು ದಿನ ಹೀಗೆ ಸೋತ ಲೆಕ್ಕ ಕೂಡಿದರೆ ಯಾರಾದರೂ ಕೈಬಿಡ್ತಾರೆ. ಅದರ ಮೇಲೆ 4.30ರ ಅಲಾರಂ. ರಾತ್ರಿ ಹನ್ನೊಂದೂವರೆಗೆ ಮಲಗುವವರಿಗೆ ಅದು ಐದು ಗಂಟೆಯ ನಿದ್ದೆ. ಮೊದಲ ವಾರ ಹುಮ್ಮಸ್ಸಿನಲ್ಲಿ ಎಳೆಯುತ್ತೆ, ಎರಡನೇ ವಾರ ದೇಹ ಸಾಲ ವಸೂಲಿಗೆ ನಿಲ್ಲುತ್ತೆ. ನಿಮ್ಮದು ಹತ್ತು ಹನ್ನೆರಡು ದಿನಕ್ಕೇ ನಿಲ್ಲೋದು ಮನೋಬಲದ ಕೊರತೆಯಿಂದ ಅಲ್ಲ, ನಿದ್ದೆಯ ಬಾಕಿಯಿಂದ ಅಂತ ನನ್ನ ಅನಿಸಿಕೆ.

ಅಭ್ಯಾಸವನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನಾ ಹೇಗೂ ನಡೆಯುವ ಒಂದು ಸಂಗತಿಗೆ ಕಟ್ಟಿ. 'ಬೆಳಿಗ್ಗೆ ಓದ್ತೀನಿ' ಅನ್ನೋದು ಆಸೆ. 'ರೈಲು ಕ್ಯಾತಸಂದ್ರ ದಾಟಿದ ಕೂಡಲೇ ಪ್ರಶ್ನೆಹಾಳೆ ತೆಗೀತೀನಿ' ಅನ್ನೋದು ಯೋಜನೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಈ 'ಹೀಗಾದಾಗ ಹೀಗೆ ಮಾಡ್ತೀನಿ' ಎಂಬ ಕ್ರಮದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ ಸೇರಿ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಗಂಟುಹಾಕಿಕೊಂಡವರು ಗುರಿ ಮುಟ್ಟಿದ್ದು ಸ್ಪಷ್ಟವಾಗಿ ಹೆಚ್ಚು.

ಆದ್ದರಿಂದ ಬೆಳಗಿನ ಜಾವದ್ದೂ ರಾತ್ರಿಯದ್ದೂ ಸದ್ಯಕ್ಕೆ ಹೊಡೆದುಹಾಕಿ. ಹೋಗುವ ರೈಲು, ಬರುವ ರೈಲು, ಇವೆರಡನ್ನೇ ಎರಡು ತಿಂಗಳು ಹಿಡಿಯಿರಿ. ವಾರಕ್ಕೆ ಐದು ದಿನ ಅಂದರೆ ಹತ್ತು ಗಂಟೆ ಅಲ್ಲೇ ಸಿಕ್ಕಿತು. ಶನಿವಾರ ಭಾನುವಾರ ಮೂರು ಮೂರು ಗಂಟೆ ಸೇರಿಸಿದರೆ ಹದಿನಾರು. ನಲವತ್ತು ವಾರಕ್ಕೆ 640 ಗಂಟೆ. ಹನ್ನೆರಡು ದಿನ ಐದೈದು ಗಂಟೆ ಓದಿ ತಿಂಗಳು ಬಿಡುವುದು ವರ್ಷದಲ್ಲಿ ಎಂಟು ಸಲ ಆದರೂ 480 ದಾಟೋದಿಲ್ಲ, ಅದರಲ್ಲೂ ಅರ್ಧ ಸಿಂಧೂ ನಾಗರಿಕತೆಗೇ ಹೋಗುತ್ತೆ.

---

ಕೆಂಪುಮಸಿ:

ಹುಣಸೆಮರ ಅವರು ಸಮಯ ಹೇಳಿದರು, ನಾನು ಆ ಸಮಯದಲ್ಲಿ ಏನು ಮಾಡಬೇಕು ಅನ್ನೋದನ್ನು ಹೇಳ್ತೀನಿ. ರೈಲಲ್ಲಿ ಪುಸ್ತಕ ತೆರೆದು ಓದೋದು ಕೆಟ್ಟ ಆಯ್ಕೆ. ಕಣ್ಣು ಸಾಲಿನ ಮೇಲೆ ಜಾರುತ್ತೆ, ಓದಿದ ತೃಪ್ತಿ ಬರುತ್ತೆ, ತಲೆಯಲ್ಲಿ ಉಳಿಯೋದು ಕಡಿಮೆ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ. ನಿಮ್ಮ ಪರೀಕ್ಷೆ ಐದು ನಿಮಿಷಕ್ಕಲ್ಲ ಇರೋದು.

ಪೂರ್ವಭಾವಿಯಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲಿ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ಅಂದರೆ ಒಂದು ಪ್ರಶ್ನೆಗೆ 72 ಸೆಕೆಂಡ್. ತಪ್ಪಿಗೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಳೆಯುತ್ತಾರೆ. ಹಾಗಾಗಿ ದಿನದ ಅಳತೆ ಇದು: 20 ಪ್ರಶ್ನೆ, 24 ನಿಮಿಷ.

ಕ್ಯಾತಸಂದ್ರ ದಾಟಿತಾ, ಫೋನು ಬ್ಯಾಗಿನ ಒಳಜೇಬಿಗೆ. ಹಿಂದಿನ ವರ್ಷದ ಪತ್ರಿಕೆಯ ಜೆರಾಕ್ಸ್ ಅನ್ನು ಗಟ್ಟಿ ರಟ್ಟಿನ ಪ್ಯಾಡಿಗೆ ಸಿಕ್ಕಿಸಿರಬೇಕು, ಇಲ್ಲದಿದ್ದರೆ ರೈಲಿನ ಅಲುಗಾಟಕ್ಕೆ ಟಿಕ್ ಹಾಕೋಕೂ ಆಗಲ್ಲ. ಕೈಗಡಿಯಾರ ನೋಡಿ ಶುರುಮಾಡಿ. ಪೆನ್ಸಿಲ್ಲಿನಲ್ಲಿ ಉತ್ತರದ ಪಕ್ಕ ಗುರುತು: ಖಚಿತವಾಗಿ ಗೊತ್ತಿದ್ದರೆ ಟಿಕ್, ಎರಡರ ನಡುವೆ ತೂಗಾಡಿದರೆ ಚುಕ್ಕೆ, ಏನೂ ಗೊತ್ತಿಲ್ಲದಿದ್ದರೆ ಖಾಲಿ. ದೊಡ್ಡಬೆಲೆ ಸ್ಟೇಷನ್ ಬರುವಷ್ಟರಲ್ಲಿ ಇಪ್ಪತ್ತು ಮುಗಿದಿರಬೇಕು. ಆಮೇಲೆ ಕೀ ಉತ್ತರ ತೆಗೆದು ತಾಳೆ ನೋಡಿ. ಚಿಕ್ಕಬಾಣಾವರಕ್ಕೆ ಎಲ್ಲ ಒಳಗೆ.

ತಾಳೆ ನೋಡುವಾಗ ಅಂಕಕ್ಕಿಂತ ತಪ್ಪಿನ ಜಾತಿ ಮುಖ್ಯ. ಗೊತ್ತೇ ಇರಲಿಲ್ಲವೋ, ಗೊತ್ತಿದ್ದೂ ಅದಲುಬದಲಾಯ್ತೋ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೋ? 'ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು' ಎಂಬಲ್ಲಿ 'ಅಲ್ಲದ' ಬಿಟ್ಟು ಓದಿ ಅಂಕ ಕಳೆದುಕೊಳ್ಳುವವರು ಬಹಳ. ಮೂರನೇ ಜಾತಿಯ ತಪ್ಪಿಗೆ ಇನ್ನಷ್ಟು ಓದುವುದು ಔಷಧಿಯಲ್ಲ, ಆ ಪದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವ ಅಭ್ಯಾಸವೇ ಔಷಧಿ.

ಸಂಜೆ ರೈಲಲ್ಲಿ ಸೀಟು ಸಿಗೋದು ಖಾತ್ರಿಯಿಲ್ಲ, ಒಂದು ಕೈ ಕಂಬಿ ಹಿಡಿದಿರುತ್ತೆ. ಅದಕ್ಕೆ ಕಾರ್ಡು. ಪೋಸ್ಟ್‌ಕಾರ್ಡಿನ ಅರ್ಧ ಅಳತೆಗೆ ರಟ್ಟು ಕತ್ತರಿಸಿ, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಬೆಳಿಗ್ಗೆ ತಪ್ಪಾದವುಗಳಿಂದಲೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಐದು ಕಾರ್ಡು, ಹತ್ತು ನಿಮಿಷದ ಕೆಲಸ. ಐದಕ್ಕಿಂತ ಹೆಚ್ಚು ಬರೆಯಬೇಡಿ. ದಿನಕ್ಕೆ ಇಪ್ಪತ್ತು ಬರೆದವರ ಕಾರ್ಡಿನ ಕಟ್ಟು ಮೂರು ವಾರಕ್ಕೆ ಹೊರಲಾರದಷ್ಟು ಬೆಳೆಯುತ್ತೆ, ಅಲ್ಲಿಗೆ ನಿಲ್ಲಿಸ್ತಾರೆ.

ಒಂದು ಕಾರ್ಡಿಗೆ ಒಂದೇ ಪ್ರಶ್ನೆ. 'ಸಂವಿಧಾನದ 73ನೇ ತಿದ್ದುಪಡಿ ಬಗ್ಗೆ' ಅಂತ ಬರೆದರೆ ಅದು ಕಾರ್ಡಲ್ಲ, ಅಧ್ಯಾಯ. '73ನೇ ತಿದ್ದುಪಡಿ ಸೇರಿಸಿದ ಅನುಸೂಚಿ ಯಾವುದು, ಅದರಲ್ಲಿ ವಿಷಯ ಎಷ್ಟು?' ಹಿಂದೆ: '11ನೇ, 29'. ಅದರ ಜೋಡಿ ಕಾರ್ಡು 74ನೆಯದು: '12ನೇ, 18'. ಇವೆರಡನ್ನೇ ಅದಲುಬದಲು ಮಾಡುವುದರಿಂದ ಬೇರೆ ಬೇರೆ ಕಾರ್ಡಾಗಿ ಇರಲೇಬೇಕು. 'ಹಲಗಲಿ ಬೇಡರು ಯಾವ ಕಾಯ್ದೆಯ ವಿರುದ್ಧ ದಂಗೆ ಎದ್ದರು?' ಹಿಂದೆ: 'ನಿಶ್ಶಸ್ತ್ರೀಕರಣ ಕಾಯ್ದೆ, 1857'. ಇಷ್ಟೇ.

ಕಾರ್ಡಿಗೆ ಮೂರು ಲಕೋಟೆ. ಹೊಸದು ಮೊದಲನೆಯದರಲ್ಲಿ, ದಿನಾ ನೋಡುವುದು. ಸರಿ ಹೇಳಿದರೆ ಎರಡನೆಯದಕ್ಕೆ, ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮೊದಲನೆಯದಕ್ಕೆ ವಾಪಸ್. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆ ಕ್ರಮದ ಚಿಕ್ಕ ರೂಪ ಇದು. ಉತ್ತರ ತಿರುಗಿಸಿ ನೋಡುವ ಮುಂಚೆ ತುಟಿ ಅಲ್ಲಾಡಿಸಿಯಾದರೂ ಹೇಳಿಕೊಳ್ಳಬೇಕು. 'ಹೌದು, ಗೊತ್ತಿತ್ತು' ಅಂತ ತಿರುಗಿಸಿದ್ದು ಲೆಕ್ಕಕ್ಕಿಲ್ಲ.

---

ತುಮಕೂರು_ಪ್ಯಾಸೆಂಜರ್:

ಇಬ್ಬರಿಗೂ ತುಂಬಾ ಧನ್ಯವಾದ. ಸ್ಟೇಷನ್ನಿಗೆ ಕಟ್ಟಿಕೊಳ್ಳೋದು ಹೊಳೆದೇ ಇರಲಿಲ್ಲ. ಎರಡು ತೊಡಕು ಇದೆ. ಪ್ರಚಲಿತ ವಿದ್ಯಮಾನ ಫೋನಿನಲ್ಲೇ ನೋಡೋದು, ತೆಗೆದರೆ ನಲವತ್ತು ನಿಮಿಷ ಎಲ್ಲೆಲ್ಲೋ ಹೋಗುತ್ತೆ. ಇನ್ನೊಂದು, ಓದೋಕೆ ಮನಸ್ಸು ಬರಲಿ ಅಂತ ಬೆಳಿಗ್ಗೆ ಸ್ಫೂರ್ತಿ ತುಂಬುವ ವಿಡಿಯೋ ನೋಡ್ತೀನಿ. ಆಗ ಉತ್ಸಾಹ ಬರುತ್ತೆ, ಆಫೀಸ್ ಮುಟ್ಟುವಷ್ಟರಲ್ಲಿ ಇಳಿದುಹೋಗುತ್ತೆ. ಇದನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ?

---

ಸಂಜೆಗಾಳಿ:

ವಿಡಿಯೋ ಬಿಡಿ ಅಕ್ಕ. 1991ರಲ್ಲಿ ಗೇಬ್ರಿಯೆಲ್ ಓಟಿಂಗೆನ್ ಮತ್ತು ಥಾಮಸ್ ವ್ಯಾಡನ್ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. 'ನನ್ನಿಂದ ಆಗುತ್ತೆ' ಎಂಬ ನಂಬಿಕೆ ಇದ್ದವರು ಹೆಚ್ಚು ಇಳಿಸಿದರು. ಆದರೆ ಸಣ್ಣಗಾದ ಮೇಲೆ ಎಷ್ಟು ಚೆಂದ ಅಂತ ಸಿಹಿಯಾದ ಕನಸು ಕಂಡವರು ಇಳಿಸಿದ್ದು ಕಡಿಮೆ. ಗೆದ್ದ ಸಂತೋಷವನ್ನು ಮನಸ್ಸು ಮುಂಗಡವಾಗಿ ಉಂಡುಬಿಟ್ಟರೆ, ಬೆವರು ಸುರಿಸುವ ಹಸಿವು ಉಳಿಯೋದಿಲ್ಲ. ತಹಶೀಲ್ದಾರರ ಜೀಪು, ಸನ್ಮಾನ, ಹಿನ್ನೆಲೆ ಸಂಗೀತ ಇರುವ ವಿಡಿಯೋ ಮಾಡೋದು ಇದನ್ನೇ.

ಅದರ ಜಾಗಕ್ಕೆ ಓಟಿಂಗೆನ್ ಅವರೇ ಮುಂದೆ ಬೆಳೆಸಿದ ಕ್ರಮ ಬಳಸಿ, ಮೂರು ನಿಮಿಷ ಸಾಕು. ಈ ವಾರ ಏನಾಗಬೇಕು ಅಂತ ಒಂದು ಸಾಲು. ಅದಕ್ಕೆ ಅಡ್ಡಬರುವ ನನ್ನೊಳಗಿನ ಒಂದು ಸಂಗತಿ ಯಾವುದು, ಅದೊಂದು ಸಾಲು. ಅದು ಬಂದಾಗ ಏನು ಮಾಡ್ತೀನಿ, ಅದೊಂದು ಸಾಲು. ಉದಾಹರಣೆಗೆ: ವಾರಕ್ಕೆ 100 ಪ್ರಶ್ನೆ. ಅಡ್ಡಿ, ಪರಿಚಯದವರು ಪಕ್ಕ ಕೂತರೆ ಮಾತಿಗೆ ಬೀಳ್ತೀನಿ. ಹಾಗಾದಾಗ, 'ಅರ್ಧ ಗಂಟೆ ಬಿಟ್ಟು ಮಾತಾಡೋಣ, ಇದೊಂದು ಮುಗಿಸ್ತೀನಿ' ಅಂತ ಹೇಳಿ ಹಾಳೆ ತೆಗೀತೀನಿ. ಹೇಳಬೇಕಾದ ಮಾತನ್ನು ಹೀಗೆ ಪದಶಃ ಬರೆದಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಮಾತು ಹುಡುಕಬೇಕಾಗಿ ಬಂದರೆ ದಾಕ್ಷಿಣ್ಯವೇ ಗೆಲ್ಲುತ್ತೆ.

ಫೋನಿನ ವಿಷಯ. ಪ್ರಚಲಿತಕ್ಕೆ ಕಾಗದದ ದಿನಪತ್ರಿಕೆ ತರಿಸಿ, ತಿಂಗಳಿಗೊಮ್ಮೆ 'ಯೋಜನಾ' ಕನ್ನಡ ಸಂಚಿಕೆ. ದಿನಕ್ಕೆ ಇಪ್ಪತ್ತು ನಿಮಿಷ, ಐದು ಸುದ್ದಿ, ಒಂದೊಂದಕ್ಕೆ ಎರಡು ಸಾಲು ಟಿಪ್ಪಣಿ. ಪೇಪರಿಗೆ ಕೊನೆಯ ಪುಟ ಅಂತ ಒಂದಿದೆ, ಫೋನಿಗೆ ಅದಿಲ್ಲ. ಫೋನೇ ಬೇಕಾದರೆ ಸಾಮಾಜಿಕ ಜಾಲತಾಣದ ಆ್ಯಪ್‌ಗಳನ್ನು ತೆಗೆದು, ಬ್ರೌಸರ್‌ನಲ್ಲಿ ಪ್ರತಿ ಸಲ ಪಾಸ್‌ವರ್ಡ್ ಹಾಕಿ ಹೋಗುವಂತೆ ಮಾಡಿ. ಆ ಇಪ್ಪತ್ತು ಸೆಕೆಂಡಿನ ಕಿರಿಕಿರಿಗೇ ಅರ್ಧಕ್ಕರ್ಧ ಸಲ ಕೈ ಹಿಂದೆ ಸರಿಯುತ್ತೆ.

ನಿದ್ದೆ ಕದಿಯಬೇಡಿ. ಹಗಲು ಓದಿದ್ದು ನೆನಪಾಗಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಡೆಯೋದು ನಿದ್ದೆಯಲ್ಲೇ. ಕೆಫೀನಿನ ಅರ್ಧ ಭಾಗ ರಕ್ತದಿಂದ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ಆಫೀಸಿನ ಆರು ಗಂಟೆಯ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟದಷ್ಟು ನಿಮ್ಮೊಳಗಿರುತ್ತೆ. ಮಧ್ಯಾಹ್ನ ಮೂರರ ಮೇಲೆ ಬೇಡ.

ಅಡುಗೆಯ ಮಾತು ಯಾರೂ ಎತ್ತಲಿಲ್ಲ. ಮನೆಯವರಿಗೆ 'ಓದಬೇಕು, ಸಹಾಯ ಮಾಡಿ' ಅಂದರೆ ಏನೂ ಬದಲಾಗಲ್ಲ. 'ಶನಿವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಾನು ಗ್ರಂಥಾಲಯದಲ್ಲಿ ಇರ್ತೀನಿ, ಆ ದಿನದ ತಿಂಡಿ ನಿಮ್ಮದು' ಅಂತ ದಿನ, ಗಂಟೆ, ಕೆಲಸ ಮೂರನ್ನೂ ಹೆಸರಿಟ್ಟು ಹೇಳಿ. ಓದೋದು ಕೂಡ ಮನೆಯ ಹೊರಗೇ ಇರಲಿ. ಮನೆಯಲ್ಲಿ ಕೂತವರನ್ನು ಕುಕ್ಕರಿನ ಸೀಟಿಯೂ ಕರೆಯುತ್ತೆ.

---

ಲೆಕ್ಕದ_ಪುಸ್ತಕ:

ಮುರಿದ ಮೇಲೆ ವಾಪಸ್ ಬರುವ ಪ್ರಶ್ನೆ ಬಾಕಿ ಉಳಿದಿದೆ. ಅದಕ್ಕೆ ತಯಾರಿ ಮುರಿಯುವ ಮುಂಚೆಯೇ ಆಗಬೇಕು. ತಿಂಗಳ ಕೊನೆಯ ಕ್ಲೋಸಿಂಗ್ ಯಾವ ತಾರೀಖಿಗೆ ಬರುತ್ತೆ ಅಂತ ಅಕೌಂಟ್ಸ್‌ನವರಿಗೆ ಗೊತ್ತೇ ಇದೆ. ಗೌರಿ ಗಣೇಶ, ದಸರಾ, ದೀಪಾವಳಿ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ. ಅವನ್ನು ಅನಿರೀಕ್ಷಿತ ಅಂತ ಕರೆಯೋದು ಬಿಟ್ಟು, ಆ ದಿನಗಳಿಗೆ ಈಗಲೇ ಬೇರೆ ಅಳತೆ ಬರೆದಿಡಿ: ಮೂರು ಕಾರ್ಡು, ಎರಡು ನಿಮಿಷ. ಕಲಿಯೋದಕ್ಕೆ ಇಷ್ಟು ಸಾಲದು, ನಿಜ. ಆದರೆ ಲಕೋಟೆ ತೆರೆಯುವ ಕೈಯ ರೂಢಿ ಅಳಿಯೋದಿಲ್ಲ. ಕ್ಲೋಸಿಂಗ್ ಮುಗಿದ ಮಾರನೇ ದಿನ ಶುರು ಮಾಡಬೇಕಾಗಿರೋದಿಲ್ಲ, ಹೆಚ್ಚು ಮಾಡಿದರೆ ಸಾಕು.

ಒಂದು ದಿನ ಪೂರ್ತಿ ತಪ್ಪಿದರೆ ಬಿಡಿ. ಎರಡನೇ ದಿನಕ್ಕೆ ಮೂರು ಕಾರ್ಡಿನ ಅಳತೆಯಾದರೂ ಆಗಲೇಬೇಕು. ತಪ್ಪಿದ್ದನ್ನು ಸೇರಿಸಿ ನಲವತ್ತು ಪ್ರಶ್ನೆ ಮಾಡ್ತೀನಿ ಅಂತ ಮಾತ್ರ ಹೋಗಬೇಡಿ. ಬಾಕಿ ತೀರಿಸುವ ಲೆಕ್ಕ ಶುರುವಾದರೆ ಮೂರನೇ ದಿನ ಅರವತ್ತು, ನಾಲ್ಕನೇ ದಿನ ಶೂನ್ಯ. ಹಳೇ ಬಾಕಿ ಮನ್ನಾ, ಇಂದಿನದು ಇಪ್ಪತ್ತೇ. ವಾಪಸ್ ಬರುವಾಗ ಓದು ನಿಂತ ಪುಟದಿಂದಲೇ ಹಿಡಿಯಿರಿ. ಮೊದಲಿಂದ ಶುರು ಮಾಡುವ ಆಸೆ ಬರೋದು ಆ ಅಧ್ಯಾಯ ಸುಲಭ, ಪರಿಚಿತ ಅನ್ನೋ ಕಾರಣಕ್ಕೆ. ಮರೆತದ್ದು ಏನು ಅಂತ ಮೊದಲನೇ ಲಕೋಟೆಯೇ ಹೇಳುತ್ತೆ.

ದಾಖಲೆಗೆ ನೂರು ಪುಟದ ನೋಟ್‌ಬುಕ್ ಒಂದು. ದಿನಕ್ಕೆ ಒಂದು ಸಾಲು: ತಾರೀಖು, ಪ್ರಶ್ನೆ ಎಷ್ಟು, ಸರಿ ಎಷ್ಟು, ಚುಕ್ಕೆ ಹಾಕಿದ್ದರಲ್ಲಿ ಸರಿ ಎಷ್ಟು. ಗಂಟೆಗಳನ್ನು ಬರೆಯಬೇಡಿ, ಗಂಟೆ ಮೋಸ ಮಾಡುತ್ತೆ. ಚುಕ್ಕೆಯ ಲೆಕ್ಕ ತುಂಬಾ ಉಪಯೋಗ: ಎರಡರ ನಡುವೆ ತೂಗಿ ಗುರುತು ಹಾಕಿದವುಗಳಲ್ಲಿ ಅರ್ಧ ಸರಿಯಾದರೆ ಸರಾಸರಿ ಪ್ರಶ್ನೆಗೆ ಮುಕ್ಕಾಲು ಅಂಕ ಲಾಭ. ಐದರಲ್ಲಿ ಒಂದೇ ಸರಿಯಾಗ್ತಾ ಇದ್ದರೆ ಎರಡು ಅಂಕ ಬಂದು ಎರಡು ಅಂಕ ಹೋಯ್ತು, ಲಾಭ ಶೂನ್ಯ. ಅಂಥ ವಿಷಯದಲ್ಲಿ ನಿಮ್ಮ ಅರ್ಧಂಬರ್ಧ ನೆನಪನ್ನು ನಂಬುವಂತಿಲ್ಲ, ಮತ್ತೆ ಓದಬೇಕು.

ಶನಿವಾರದ ಮೂರು ಗಂಟೆ ಹೊಸ ಓದಿಗೆ. ಆ ವಾರ ಅತಿ ಹೆಚ್ಚು ತಪ್ಪಾದ ಒಂದೇ ವಿಷಯ ಆರಿಸಿ, ರಾಜ್ಯದ 8ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಪಠ್ಯಪುಸ್ತಕದಲ್ಲಿ ಮೊದಲು, ದಪ್ಪ ಪುಸ್ತಕ ಆಮೇಲೆ. ಭಾನುವಾರ 50 ಪ್ರಶ್ನೆ ಒಂದೇ ಕೂರುವಿಕೆಗೆ, 60 ನಿಮಿಷ, ಉಳಿದದ್ದು ತಪ್ಪು ನೋಡೋಕೆ. ಅಧಿಸೂಚನೆಯ ತಾರೀಖನ್ನು ನಂಬಿಕೊಂಡು ಓದು ಕಟ್ಟಬೇಡಿ. ಪರೀಕ್ಷೆ ಮುಂದಕ್ಕೆ ಹೋದಾಗಲೆಲ್ಲ ಓದೂ ಮುಂದಕ್ಕೆ ಹೋಗುತ್ತೆ.

---

ತುಮಕೂರು_ಪ್ಯಾಸೆಂಜರ್:

ಸೋಮವಾರದಿಂದ ಹೀಗೆ: ಬೆಳಿಗ್ಗೆ ಕ್ಯಾತಸಂದ್ರ ದಾಟಿದ ಮೇಲೆ 20 ಪ್ರಶ್ನೆ, ಮಧ್ಯಾಹ್ನ ಐದು ಕಾರ್ಡು, ಸಂಜೆ ರೈಲಲ್ಲಿ ಲಕೋಟೆ. 27ರಿಂದ 2ನೇ ತಾರೀಖಿನವರೆಗೆ ಮೂರು ಕಾರ್ಡಿನ ಅಳತೆ. ಶನಿವಾರ ಗ್ರಂಥಾಲಯ, ಮನೆಯಲ್ಲಿ ಇವತ್ತೇ ಹೇಳಿದೆ, ಒಪ್ಪಿದ್ದಾರೆ. ಹಳೇ ಪತ್ರಿಕೆಗಳನ್ನು ಭಾನುವಾರ ರಾತ್ರಿ ಜೆರಾಕ್ಸ್ ಮಾಡಿಸ್ತೀನಿ.

---

ಕೆಂಪುಮಸಿ:

ಎಲ್ಲ ಸರಿ, ಜೆರಾಕ್ಸ್ ಮಾತ್ರ ಭಾನುವಾರ ರಾತ್ರಿಗೆ ಇಡಬೇಡಿ. ಅಂಗಡಿ ಬಾಗಿಲು ಹಾಕಿದ್ದರೆ ಸೋಮವಾರ ಕ್ಯಾತಸಂದ್ರದಲ್ಲಿ ಕೈ ಖಾಲಿ. ನಾಳೆ ಸಂಜೆಯೇ ಮಾಡಿಸಿ, ಕೀ ಉತ್ತರದ ಹಾಳೆಯನ್ನು ಬೇರೆ ಪಿನ್ ಹಾಕಿ ಪ್ಯಾಡಿನ ಹಿಂಬದಿಗೆ ಸಿಕ್ಕಿಸಿ. ಎರಡು ಪೆನ್ಸಿಲ್ ಇಟ್ಟುಕೊಳ್ಳಿ, ಒಂದು ಸೀಟಿನ ಸಂದಿಗೆ ಬಿದ್ದೇ ಬೀಳುತ್ತೆ.